ಒಂಬತ್ತನೇ ಸೀಸೆ

ಫೆಬ್ರವರಿ 11

ಪ್ರೀತಿಯ ಗಂಟೆಗೆ,

ಈ ಹೆಸರಿನಿಂದ ನಿನ್ನನ್ನು ಕರೆಯುವವರು ಈಗ ಯಾರಾದರೂ ಉಳಿದಿದ್ದಾರೋ ಇಲ್ಲವೋ. ಪ್ಯಾಕಿಂಗ್ ವಿಭಾಗದಲ್ಲಿ ನೀನು ಬಾಯಿ ತೆರೆದರೆ ಅಂಗಳದಾಚೆಯ ಪ್ರಯೋಗಾಲಯದಲ್ಲಿ ನನ್ನ ಕೈಯ ಗಾಜಿನ ನಳಿಕೆ ನಡುಗುತ್ತಿತ್ತು. ಯಾವಾಗ ನೋಡಿದರೂ ಎರಡೂ ಕೈಯಲ್ಲಿ ನೀರಿನ ಸೀಸೆ ಹಿಡಿದು ಓಡಾಡುತ್ತೇನೆಂದು ನನಗೆ ‘ಸೀಸೆ’ ಎಂದು ಹೆಸರಿಟ್ಟವಳೂ ನೀನೇ.

ಇಪ್ಪತ್ನಾಲ್ಕು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ನಾನು ನಿವೃತ್ತಳಾಗಿ ಮಗಳ ಮನೆಯ ಮಹಡಿಯಲ್ಲಿದ್ದೇನೆ. ಮಂಡಿ ನೋವು ಬಿಟ್ಟರೆ ಆರೋಗ್ಯ. ಹೋದ ವಾರ ನಮ್ಮ ಹಳೆಯ ಕಾರ್ಖಾನೆಯನ್ನು ಶುಚಿ ಮಾಡಲು ಬಂದಿರುವ ಇಂಜಿನಿಯರ್ ಹುಡುಗಿ ಫೋನ್ ಮಾಡಿದ್ದಳು. ಮುಚ್ಚಿ ಹದಿನೇಳು ವರ್ಷವಾದರೂ ನಾವು ತಯಾರಿಸುತ್ತಿದ್ದ ಕ್ರೋಮ್ ಉಪ್ಪಿನ ವಿಷ ಆ ಮಣ್ಣಿನಿಂದ ಹೋಗಿಲ್ಲವಂತೆ. ಪ್ರಯೋಗಾಲಯದ ಹಳೆಯ ದಾಖಲೆಗಳ ಬಗ್ಗೆ ಕೇಳಿದಳು. ನೀನು ಇನ್ನೂ ಅಲ್ಲೇ ಇದ್ದೀಯೆಂದು ತಿಳಿದದ್ದು, ಫೋನ್ ನಂಬರು ಸಿಕ್ಕಿದ್ದು ಎರಡೂ ಅವಳಿಂದಲೇ. ನಂಬರನ್ನು ಎರಡು ಸಲ ಒತ್ತಿದೆ. ಅತ್ತ ಕಡೆ ರಿಂಗ್ ಆಗುವ ಮೊದಲೇ ಇಟ್ಟುಬಿಟ್ಟೆ.

ಒಂದು ವಿಷಯ ತಿಳಿಯಬೇಕಿತ್ತು. ಕಾರ್ಖಾನೆಯ ಗೋಡೆಯಾಚೆ ನಿಮ್ಮ ಕೆಳಸಾಲಿನ ಮನೆಗಳ ನಡುವೆ ಒಂದು ಬಾವಿ ಇತ್ತಲ್ಲ, ಅದು ಈಗಲೂ ಇದೆಯೇ? ಯಾರಾದರೂ ಬಳಸುತ್ತಾರೆಯೇ? ಇಷ್ಟು ವರ್ಷಗಳಲ್ಲಿ ನಲ್ಲಿ ಬಂದಿರಬೇಕು, ಬಾವಿಯನ್ನು ಮುಚ್ಚಿರಬೇಕು ಎಂದುಕೊಂಡಿದ್ದೇನೆ. ಹೌದು ಎಂದು ಒಂದು ಸಾಲು ಬರೆದರೂ ಸಾಕು.

ಭಾವ ಹೇಗಿದ್ದಾರೆ?

ನಿನ್ನ,
ಸೀಸೆ


ಫೆಬ್ರವರಿ 20

ಸೀಸೆ,

ಬದುಕಿದ್ದೀಯಾ ತಾಯಿ! ಲಕೋಟೆ ನೋಡಿದ ಕೂಡಲೇ ಗೊತ್ತಾಯಿತು, ಇರುವೆ ಸಾಲು ಹೋದ ಹಾಗೆ ಬರೆಯುವವಳು ನೀನೊಬ್ಬಳೇ. ನಾನು ಮೂರು ಕಾಗದ ಹಾಕಿದ್ದೆ, ಒಂದಕ್ಕೂ ಉತ್ತರವಿಲ್ಲ. ಹೆಡ್ ಆಫೀಸಿಗೆ ಹೋದವಳಿಗೆ ಮೂಟೆ ಹೊಲಿಯುವವಳ ನೆನಪು ಯಾಕಿರುತ್ತದೆ ಎಂದುಕೊಂಡು ಸುಮ್ಮನಾದೆ. ಕಾಗದದಲ್ಲಿ ಬೈಯುವುದು ಇಷ್ಟೇ. ಉಳಿದದ್ದು ಎದುರಿಗೆ ಸಿಕ್ಕಾಗ.

ನಮ್ಮನೆಯವರು ಹೋಗಿ ಆರು ವರ್ಷವಾಯಿತು. ಮೂತ್ರಪಿಂಡ ಕೈಕೊಟ್ಟಿತು. ಎರಡು ವರ್ಷ ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ದಿನಕ್ಕೆ ಇಷ್ಟೇ ನೀರು ಕುಡಿಯಬೇಕೆಂದು ಡಾಕ್ಟರು ಅಳತೆಯ ಲೋಟ ಕೊಟ್ಟರೆ, “ಇಷ್ಟರಲ್ಲಿ ನನ್ನ ಹೆಂಡತಿ ಬೈಗುಳಾನೂ ನುಂಗಕ್ಕಾಗಲ್ಲ ಡಾಕ್ಟ್ರೇ” ಅಂದರು. ಡಾಕ್ಟರು ನಕ್ಕರು, ನಾನು ಆಚೆ ಹೋಗಿ ಅತ್ತೆ.

ಕಾರ್ಖಾನೆಯ ವಿಷಯ ಕೇಳು. ದೊಡ್ಡ ಗೇಟಿನ ಬೀಗಕ್ಕೆ ತುಕ್ಕು ಹಿಡಿದು ಕೀಲಿ ತಿರುಗಲೇ ಇಲ್ಲ, ಕತ್ತರಿಸಿ ತೆಗೆದರು. ನಮ್ಮ ಪ್ಯಾಕಿಂಗ್ ಹಾಲಿನ ಚಾವಣಿ ಬಿದ್ದುಹೋಗಿ, ನಾನು ಕೂರುತ್ತಿದ್ದ ಕಡೆ ಎರಡಾಳೆತ್ತರ ಒಂದು ಮರ ಬೆಳೆದಿದೆ. ಅದನ್ನು ಕಡಿದು ಬೇರು, ಎಲೆ ಒಂದನ್ನೂ ಬಿಡದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಲಾರಿಗೆ ಹಾಕಿದರು. ಕೆಲಸದವರು ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ, ಮೂತಿಗೆ ಮುಸುಕು, ಎರಡೆರಡು ಜೊತೆ ಕೈಗವಸು. ನಾವು ಅದೇ ಪುಡಿಯನ್ನು ಬರಿಗೈಯಲ್ಲಿ ಮೊಗೆದು ಮೂಟೆಗೆ ತುಂಬಿ, ಅದೇ ಕೈ ತೊಳೆದು ಬುತ್ತಿ ಬಿಚ್ಚುತ್ತಿದ್ದೆವಲ್ಲೇ! ನೋಡಿ ನಗು ಬಂತು. ಆಮೇಲೆ ಬರಲಿಲ್ಲ.

ಇಂಜಿನಿಯರ್ ಹುಡುಗಿ ನಮ್ಮ ಸಾಲಿಗೂ ಬಂದಿದ್ದಳು. ಗೋಡೆಯಾಚೆಗೂ ವಿಷ ಹರಿದಿರಬಹುದು, ಇಲ್ಲೂ ಕೆಂಪು ಬಾವುಟ ನೆಟ್ಟು ಅಗೆದು ನೋಡಬೇಕು ಎಂದಳು. ಎಲ್ಲರಿಗೂ ಗಾಬರಿ. ಅಗೆಯುತ್ತಾರೆ ಎಂದರೆ ಒಕ್ಕಲೆಬ್ಬಿಸುತ್ತಾರೆ ಎಂದೇ ಲೆಕ್ಕ. ಆಗ ನಾನೇನು ಮಾಡಿದೆ ಗೊತ್ತಾ? ಪೆಟ್ಟಿಗೆಯ ತಳದಿಂದ ನಿನ್ನ ಸಹಿಯಿದ್ದ ಹಾಳೆ ತೆಗೆದು ಅವಳ ಮುಂದೆ ಹಿಡಿದೆ. “ನೋಡಮ್ಮಾ, ನಮ್ಮ ಬಾವಿ ನೀರನ್ನ ಪರೀಕ್ಷೆ ಮಾಡಿದವಳು ನನ್ನ ಗೆಳತಿ. ನಾನೇ ನೀರು ತಗೊಂಡು ಹೋಗಿದ್ದೆ. ಶುದ್ಧ ಅಂತ ಅವಳೇ ಬರ್ದಿದಾಳೆ” ಅಂದೆ. ಅವಳ ಕಡತದಲ್ಲೂ ಅದೇ ಹಾಳೆ ಇತ್ತಂತೆ. ಬಾವುಟಗಳು ಗೋಡೆಯ ಹತ್ತಿರವೇ ನಿಂತವು. ನಮ್ಮ ಸಾಲಿನ ಟೈಲರ್ ನನಗೆ ಕೈಮುಗಿದ. ನಿನಗೇ ಮುಗಿದ ಹಾಗೆ ಅಂದುಕೊ.

ಬಾವಿ ಇಲ್ಲದೆ ಎಲ್ಲಿ ಹೋಗುತ್ತದೆ? ಮೇಲೆ ಚಪ್ಪಡಿ ಹಾಕಿ ಮೋಟರ್ ಕೂರಿಸಿದ್ದೇವೆ. ಹನ್ನೊಂದು ಮನೆಗೆ ಅದೇ ನೀರು. ನಲ್ಲಿ ಬರುತ್ತದೆ ಎಂದು ಪ್ರತಿ ಚುನಾವಣೆಯಲ್ಲೂ ಹೇಳುತ್ತಾರೆ.

ಒಂದು ಸಲ ಬಂದು ಹೋಗು.

ಇಂತಿ,
ಗಂಟೆ


ಮಾರ್ಚ್ 2

ಗಂಟೆ,

ನಿನ್ನ ಕಾಗದ ನಿನ್ನೆ ಸಿಕ್ಕಿತು. ಸಿಕ್ಕ ಕೂಡಲೇ ಇಂಜಿನಿಯರ್‌ಗೆ ಫೋನ್ ಮಾಡಿ, ಆ ಬಾವಿಯ ನೀರನ್ನು ಯಾರೂ ಕುಡಿಯಬಾರದು, ಮೋಟರ್ ನಿಲ್ಲಿಸಿ ಎಂದು ಹೇಳಿದ್ದೇನೆ. ಈ ಕಾಗದ ತಲುಪುವ ಹೊತ್ತಿಗೆ ಅವಳು ಬಂದು ಹೋಗಿರುತ್ತಾಳೆ. ಯಾಕೆ ಎಂಬುದನ್ನು ಮಾತ್ರ ನಾನೇ ನಿನಗೆ ಹೇಳಬೇಕು.

ಆ ಹಾಳೆಗೆ ನಾನು ಸಹಿ ಹಾಕಿದ ವಾರ ನೀವು ಹೆಂಗಸರೆಲ್ಲ ಕೆಲಸ ನಿಲ್ಲಿಸಿ ಗೇಟಿನಲ್ಲಿ ಕೂತಿದ್ದಿರಿ. ನೀರನ್ನು ಪರೀಕ್ಷೆ ಮಾಡಿಸುವ ತನಕ ಏಳುವುದಿಲ್ಲ ಎಂದು. ಮ್ಯಾನೇಜರ್ ಒಪ್ಪಿದ. ದಾರಿಯಲ್ಲಿ ಯಾರಾದರೂ ಬದಲಾಯಿಸಿಯಾರೆಂದು ನೀನು ಸೀಸೆಯನ್ನು ಎದೆಗವಚಿಕೊಂಡು ತಂದು, “ಇದನ್ನ ನಿನ್ನ ಕೈಗೆ ಮಾತ್ರ ಕೊಡೋದು” ಅಂದೆ. ಆ ದಿನದ ಒಂಬತ್ತನೇ ಸೀಸೆ ಅದು, ನಾನು ಅದಕ್ಕೆ 9 ಎಂದು ಚೀಟಿ ಅಂಟಿಸಿದೆ.

ನೀರು ಕಣ್ಣಿಗೆ ತಿಳಿಯಾಗಿತ್ತು. ನಳಿಕೆಗೆ ಹಾಕಿ, ಪರೀಕ್ಷೆಯ ದ್ರಾವಣವನ್ನು ಹನಿಹನಿಯಾಗಿ ಬಿಟ್ಟೆ. ವಿಷವಿಲ್ಲದಿದ್ದರೆ ಬಣ್ಣ ಬದಲಾಗಬಾರದು. ನೇರಳೆಯಾಯಿತು. ನಳಿಕೆ ತೊಳೆದು ಇನ್ನೊಮ್ಮೆ ಮಾಡಿದೆ. ಮತ್ತೆ ನೇರಳೆ. ನಾಲ್ಕು ಸಲ ಮಾಡಿದೆ. ನಾಲ್ಕೂ ಅಂಕಿಗಳನ್ನು ನನ್ನ ಕಚ್ಚಾ ಪುಸ್ತಕದಲ್ಲಿ ಬರೆದೆ.

ಮ್ಯಾನೇಜರ್ ನನ್ನ ಸ್ಟೂಲಿನ ಪಕ್ಕವೇ ನಿಂತಿದ್ದ. ಕೂಗಾಡಲಿಲ್ಲ. “ಫ್ಯಾಕ್ಟರಿ ಮುಚ್ಚಿದ್ರೆ ಆರ್ನೂರು ಸಂಸಾರ ಬೀದಿಗೆ ಬೀಳುತ್ತೆ. ನೀವು ಹೊಣೆ ಹೊರ್ತೀರಾ? ನಿಮ್ಮ ಗೆಳತಿ ಸಂಸಾರಾನೂ ಸೇರಿಸಿ ಹೇಳ್ತಿದೀನಿ” ಅಂದ. ಆಮೇಲೆ, “ಹೆಡ್ ಆಫೀಸಿನಲ್ಲಿ ಒಂದು ಜಾಗ ಖಾಲಿ ಇದೆ” ಅಂದ. ನಿನ್ನ ಸಂಸಾರಕ್ಕಾಗಿಯೇ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಆ ಎರಡನೆಯ ಮಾತನ್ನು ಅವನು ಆಡದೇ ಇದ್ದಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ.

ಬೇರೆ ಹಾಳೆಯಲ್ಲಿ ಬೇರೆ ಅಂಕಿ ಬರೆದು ಸಹಿ ಹಾಕಿದೆ. ಅದನ್ನು ಜವಾನನ ಕೈಗೆ ಕೊಟ್ಟು ಕಳಿಸಬಹುದಿತ್ತು. ನಾನೇ ಗೇಟಿನ ತನಕ ಬಂದು, ನಿನ್ನ ಕೈಗಿತ್ತು, “ನೀರು ಚೆನ್ನಾಗಿದೆ ಕಣೇ” ಅಂದೆ. ನೀನು ನನ್ನನ್ನು ತಬ್ಬಿಕೊಂಡೆ. ತಿಂಗಳೊಳಗೆ ನನಗೆ ವರ್ಗವಾಯಿತು.

ನೀನು ಬರೆದ ಮೂರೂ ಕಾಗದಗಳನ್ನು ಓದಿದ್ದೆ. ಉತ್ತರ ಬರೆಯಲು ಕೈ ಬರಲಿಲ್ಲ. ಬರೆದರೆ ಇದನ್ನೇ ಬರೆಯಬೇಕಾಗುತ್ತಿತ್ತು.

ಆ ಕಚ್ಚಾ ಪುಸ್ತಕವನ್ನು ನಾನು ಹರಿಯಲಿಲ್ಲ, ಯಾರಿಗೂ ತೋರಿಸಲೂ ಇಲ್ಲ. ಈಗ ಇಂಜಿನಿಯರ್‌ಗೆ ಕಳಿಸುತ್ತಿದ್ದೇನೆ.

ಸೀಸೆ


ಮಾರ್ಚ್ 19

ಗಂಟೆ,

ಪುಸ್ತಕ ತಲುಪಿತೆಂದು ಇಂಜಿನಿಯರ್ ತಿಳಿಸಿದಳು. ಅವಳ ಮಾತು ಚುಟುಕಾಗಿತ್ತು. ಹೇಗಿದ್ದೀರಿ ಎಂದು ಕೇಳಲಿಲ್ಲ. ಕೇಳಬೇಕೆಂದು ನಾನೂ ಬಯಸಲಿಲ್ಲ.

ದಿನಾ ಅಂಚೆಯವನು ಬರುವ ಹೊತ್ತಿಗೆ ಮಹಡಿಯಿಂದ ಇಳಿದು ನಿಲ್ಲುತ್ತೇನೆ. “ಯಾರ ಕಾಗದಕ್ಕೆ ಕಾಯ್ತಿದೀಯಮ್ಮಾ?” ಎಂದು ಮಗಳು ಕೇಳಿದಳು. ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಒಳಗೆ ಹೋದಳು.

ಬೈದಾದರೂ ಬರೆ.

ಸೀಸೆ


ಏಪ್ರಿಲ್ 8

ಪ್ರಯೋಗಾಲಯದ ಅಮ್ಮನವರಿಗೆ,

ತಮ್ಮ ಎರಡೂ ಕಾಗದ ತಲುಪಿವೆ.

ತಮ್ಮ ಕಾಗದಕ್ಕಿಂತ ಎರಡು ದಿನ ಮೊದಲೇ ಇಂಜಿನಿಯರ್ ಬಂದು ಮೋಟರ್ ನಿಲ್ಲಿಸಿದಳು. ನಾನು ಜಗಳಕ್ಕೆ ಹೋದೆ. “ನನ್ನ ಗೆಳತಿ ಸುಳ್ಳು ಹೇಳೋಳಲ್ಲ” ಎಂದು ಸಾಲಿಗೆಲ್ಲ ಕೇಳುವ ಹಾಗೆ ಕೂಗಿದೆ. ಅವಳು ಪಾಪ, ವಾದಿಸಲಿಲ್ಲ. ಚಪ್ಪಡಿಯ ಮೇಲೆ ಕೂತು, ಎಲ್ಲರೆದುರಿಗೆ ನೀರು ತೆಗೆದು ನಳಿಕೆಗೆ ಹಾಕಿದಳು. ನೇರಳೆ ಬಣ್ಣವಾಯಿತು. ಎಷ್ಟು ಚಂದದ ಬಣ್ಣ ಅದು! ಟೈಲರನ ಅಂಗಡಿಯಲ್ಲೂ ಅಂಥ ನೂಲು ನೋಡಿಲ್ಲ. ಎಲ್ಲರೂ ನಳಿಕೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

ತಮಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಆ ಪರೀಕ್ಷೆಗೆ ಮೊದಲು ನಾಲ್ಕು ತಿಂಗಳು ಅನುಮಾನ ಬಂದು ನಾವು ಯಾರೂ ಆ ಬಾವಿಯ ನೀರು ಕುಡಿದಿರಲಿಲ್ಲ. ಬಸ್ ನಿಲ್ದಾಣದ ನಲ್ಲಿಯಿಂದ ಹೊತ್ತು ತರುತ್ತಿದ್ದೆವು, ಹೋಗಿ ಬರಲು ಒಂದು ಗಂಟೆ. ತಾವು ಹಾಳೆ ಕೊಟ್ಟ ದಿನ ನಾನೇ ಮನೆಮನೆಗೂ ಹೋಗಿ, ಇನ್ನು ಹೊರಬೇಕಾಗಿಲ್ಲ, ಬಾವಿ ನೀರೇ ಕುಡಿಯಿರಿ ಎಂದೆ. ಮೂಲೆಮನೆ ಅಜ್ಜಿ ಒಪ್ಪಿರಲಿಲ್ಲ. ಅವಳನ್ನೂ ಒಪ್ಪಿಸಿದೆ. ಈಗ ಅವಳು ನನ್ನನ್ನು ಕಂಡರೆ, “ನೀನು ಹೇಳಿದ್ದಕ್ಕೇ ಅಲ್ವೇನೇ ನಾವು ಕುಡಿದಿದ್ದು” ಅನ್ನುತ್ತಾಳೆ. ಸಿಟ್ಟಿನಿಂದಲ್ಲ, ನೆನಪು ಮಾಡಿಕೊಳ್ಳುವವಳ ಹಾಗೆ.

ನಮ್ಮನೆಯವರು ಒಂದೆರಡು ಸಲ ನೀರು ಒಗರು ಎಂದಿದ್ದರು. “ಅವಳು ಓದಿದೋಳು, ನಿಮ್ಮ ನಾಲಿಗೆಗಿಂತ ಅವಳಿಗೆ ಹೆಚ್ಚು ಗೊತ್ತು” ಎಂದು ಗದರಿಸಿದ್ದೆ. ಅವರು ಹೋಗಿದ್ದು ಆ ನೀರಿನಿಂದಲೇ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ಕೇಳಿ ನೋಡಿದೆ. ಆದ್ದರಿಂದ ಹೌದು ಎಂದು ನಾನೂ ಹೇಳುವುದಿಲ್ಲ. ಅಲ್ಲ ಎಂದು ತಾವೂ ಹೇಳಬೇಡಿ.

ಕಾಗದ ಬರೆದು ಹಗುರಾಗಬೇಡಿ. ತಮ್ಮ ಸುಳ್ಳನ್ನು ಮನೆಮನೆಗೆ ಹೊತ್ತವಳು ನಾನು. ನಿಜವನ್ನೂ ನಾನೇ ಹೊರುವುದು ಆಗದ ಮಾತು. ತಾವೇ ಬಂದು ಹೇಳಿ.

ಇಂತಿ,
ಪ್ಯಾಕಿಂಗ್ ವಿಭಾಗದವಳು


ಏಪ್ರಿಲ್ 15

ಗಂಟೆ,

ಬರುತ್ತೇನೆ. ಇಪ್ಪತ್ತೇಳರ ಭಾನುವಾರ, ಬೆಳಗಿನ ಬಸ್ಸಿಗೆ.

“ಬರೆದುಕೊಟ್ಟಿದ್ದೀಯಲ್ಲಮ್ಮ, ಸಾಕು. ಅಲ್ಲಿ ಹೋಗಿ ಏನಾದ್ರೂ ಆದ್ರೆ?” ಎಂದು ಮಗಳು ತಡೆದಳು. ಅಳಿಯನಂತೂ ವಕೀಲರನ್ನು ಕೇಳದೆ ಬಾಯಿ ಬಿಡಬೇಡಿ ಎಂದ. ವಕೀಲರನ್ನು ಕೇಳಿದರೆ ಬೇಡ ಎನ್ನುತ್ತಾರೆ ಎಂದು ಗೊತ್ತು. ಬೇಡ ಎಂದವರ ಮಾತು ಕೇಳುವುದು ನನಗೆ ಬಹಳ ಸಲೀಸು. ಅದಕ್ಕೇ ಕೇಳಲು ಹೋಗಲಿಲ್ಲ.

ನನಗೆ ಭಯವಾಗಿದೆ. ಇದನ್ನು ನಿನಗಲ್ಲದೆ ಇನ್ಯಾರಿಗೂ ಹೇಳಲಾರೆ, ನಿನಗೆ ಹೇಳುವ ಹಕ್ಕೂ ಇಲ್ಲ.

ಸೀಸೆ


ಮೇ 1

ಗಂಟೆ,

ಭಾನುವಾರ ಅಲ್ಲಿಂದ ಹೊರಡುವ ಮೊದಲು ನಿನ್ನ ಹತ್ತಿರ ಒಂದು ಮಾತಾದರೂ ಆಡಬೇಕೆಂದಿದ್ದೆ. ತಿರುಗಿ ನೋಡುವಷ್ಟರಲ್ಲಿ ನೀನಿರಲಿಲ್ಲ.

ಬಾವಿಯ ಪಕ್ಕ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಅದೇ ಒಂದು ಶಿಕ್ಷೆಯಾಯಿತು, ನೀವೆಲ್ಲ ನಿಂತಿದ್ದಿರಿ. ಮಂಡಿ ನೋವಿದ್ದರೂ ಎದ್ದು ನಿಂತೇ ಹೇಳಿದೆ. ನಾಲ್ಕು ಸಲ ಪರೀಕ್ಷೆ ಮಾಡಿದ್ದು, ಅಂಕಿ ಬದಲಾಯಿಸಿದ್ದು, ಜಾಗ ಸಿಕ್ಕಿದ್ದು. ಬಸ್ಸಿನಲ್ಲಿ ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ. ಅಲ್ಲಿ ಐದು ನಿಮಿಷದಲ್ಲಿ ಮುಗಿದುಹೋಯಿತು. ಯಾರಾದರೂ ಕೂಗುತ್ತಾರೆ, ಮಣ್ಣು ಎರಚುತ್ತಾರೆ ಎಂದುಕೊಂಡಿದ್ದೆ. ಯಾರೂ ಏನೂ ಮಾಡಲಿಲ್ಲ.

ಟೈಲರ್ ಮಾತ್ರ ಒಂದು ಪ್ರಶ್ನೆ ಕೇಳಿದ. “ಅಮ್ಮಾ, ಆ ಕಾಲದಲ್ಲಿ ನಿಮ್ಮ ಮನೇಲಿ ಯಾವ ನೀರು ಕುಡೀತಿದ್ರಿ?”

ಅದಕ್ಕೆ ನಾನು ಸಿದ್ಧಳಾಗಿ ಬಂದಿರಲಿಲ್ಲ. “ಆಫೀಸರ್ ಕ್ವಾರ್ಟರ್ಸಿಗೆ ಟ್ಯಾಂಕರ್ ಬರ್ತಿತ್ತು” ಅಂದೆ. ಅವನು “ಹಾಂ” ಅಂದ. ಅಷ್ಟೇ. ಗುಂಪು ಒಬ್ಬೊಬ್ಬರಾಗಿ ಕರಗಿತು. ಒಬ್ಬಳು ಮಗುವನ್ನು ಸೊಂಟಕ್ಕೇರಿಸಿಕೊಂಡು ನನ್ನ ಪಕ್ಕದಲ್ಲೇ ಹಾದುಹೋದಳು, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

ಇಡೀ ಹೊತ್ತು ನೀನು ಗೋಡೆಗೊರಗಿ ನೆಲ ನೋಡುತ್ತಿದ್ದೆ. ತಲೆ ಪೂರ್ತಿ ಬೆಳ್ಳಗಾಗಿದೆ. ಭಾವನ ಬಗ್ಗೆ ಏನಾದರೂ ಹೇಳಬೇಕೆಂದಿದ್ದೆ. ಏನು ಹೇಳುವುದು?

ಇಂಜಿನಿಯರ್ ಹುಡುಗಿಯ ಕಚೇರಿಯಲ್ಲಿ ಹೇಳಿಕೆಗೆ ಸಹಿ ಹಾಕಿ ಬಂದೆ. ಹಾಕುವ ಮೊದಲು ಅದನ್ನು ಮೂರು ಸಲ ಓದಿದೆ. ಅಂದು ಬರೆದದ್ದನ್ನು ತಿರುಗಿ ನೋಡಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಸೀಸೆ


ಜೂನ್ 30

ಪ್ರಯೋಗಾಲಯದ ಅಮ್ಮನವರಿಗೆ,

ಸಾಲಿನವರು ಬರೆಸಿದ್ದಕ್ಕೆ ಬರೆಯುತ್ತಿದ್ದೇನೆ.

ಕೆಂಪು ಬಾವುಟಗಳು ಗೋಡೆ ದಾಟಿ ಬಂದಿವೆ. ಹನ್ನೊಂದೂ ಮನೆಯ ಅಂಗಳ ಅಗೆದು ಮಣ್ಣು ತೆಗೆಯುತ್ತಿದ್ದಾರೆ, ಬೇರೆ ಕಡೆಯಿಂದ ಒಳ್ಳೆಯ ಮಣ್ಣು ತಂದು ತುಂಬುತ್ತಾರಂತೆ. ನನ್ನ ಸೊಪ್ಪಿನ ಪಾತಿ, ಮಲ್ಲಿಗೆ ಬಳ್ಳಿ ಎಲ್ಲ ಚೀಲ ಸೇರಿದವು. ಯಾರನ್ನೂ ಒಕ್ಕಲೆಬ್ಬಿಸಲಿಲ್ಲ. ದಿನಾ ಟ್ಯಾಂಕರ್ ಬರುತ್ತದೆ. ಭೂಮಿಯೊಳಗಿನ ನೀರನ್ನು ಪಂಪಿನಿಂದ ಎತ್ತಿ ತೊಳೆಯಲು ಯಂತ್ರ ಹಾಕಿದ್ದಾರೆ. ನೀರನ್ನು ತೊಳೆಯುವುದು ಎಂದರೆ ಮೂಲೆಮನೆ ಅಜ್ಜಿಗೆ ನಗು. ಎಷ್ಟು ವರ್ಷ ಹಿಡಿಯುತ್ತದೆ ಎಂದರೆ, ಇಂಜಿನಿಯರ್ ಹತ್ತು ಎನ್ನುತ್ತಾಳೆ, ಆಮೇಲೆ ಹದಿನೈದು ಎನ್ನುತ್ತಾಳೆ.

ಪ್ರತಿ ತಿಂಗಳೂ ನೀರಿನ ವರದಿ ಬರುತ್ತದೆ. ಸಾಲಿನವರಿಗೆ ಇನ್ನು ಯಾವ ಹಾಳೆಯ ಮೇಲೂ ನಂಬಿಕೆ ಇಲ್ಲ. ಓದಿ ಹೇಳುವವರು ನಮ್ಮ ಕಡೆಯವರೊಬ್ಬರು ಬೇಕು ಎಂದು ಮಾತಾಯಿತು. ಆಗ ಮೂಲೆಮನೆ ಅಜ್ಜಿ, “ಆ ಸೀಸೆಯಮ್ಮನ್ನೇ ಕರೆಸ್ರೋ. ವರದೀಲಿ ಸುಳ್ಳು ಎಲ್ಲಿ ಅಡಗಿರುತ್ತೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?” ಅಂದಳು. ಕೆಲವರು ನಕ್ಕರು. ಟೈಲರ್ ನಗಲಿಲ್ಲ, ಆದರೆ ಕೈ ಎತ್ತಿದ. ಹನ್ನೊಂದು ಮನೆಯಲ್ಲಿ ಎಂಟು ಮನೆಯವರು ಕೈ ಎತ್ತಿದರು.

ನಾನು ಎತ್ತಲಿಲ್ಲ. ಕಾಗದ ಬರೆಯಲು ಮಾತ್ರ ಒಪ್ಪಿದೆ.

ಆಗಸ್ಟ್ ಹದಿನೇಳರ ಭಾನುವಾರ, ಬೆಳಿಗ್ಗೆ ಹತ್ತೂವರೆಗೆ, ಬಾವಿಯ ಹತ್ತಿರ.

ಕೆಳಸಾಲಿನವರ ಪರವಾಗಿ,
ಪ್ಯಾಕಿಂಗ್ ವಿಭಾಗದವಳು


ಜುಲೈ 6

ಬರುತ್ತೇನೆ.

ಸೀಸೆ


ಆಗಸ್ಟ್ 24

ಸೀಸೆ,

ನೀನು ಓದಿದ್ದು ಎಲ್ಲರಿಗೂ ಅರ್ಥವಾಯಿತು. ಮಗು ಎತ್ತಿಕೊಂಡವಳು “ಬರೀ ಸ್ನಾನಕ್ಕಾದ್ರೆ ಬಳಸಬಹುದಾ?” ಎಂದು ಕೇಳಿದಾಗ ಇಂಜಿನಿಯರ್ ಹುಡುಗಿ ಏನೇನೋ ಸುತ್ತಿ ಬಳಸಿ ಹೇಳುತ್ತಿದ್ದಳು. ನೀನು “ಬೇಡಮ್ಮ” ಎಂದು ಒಂದೇ ಮಾತಿನಲ್ಲಿ ಮುಗಿಸಿದೆ. ಅವಳು ಮನೆಗೆ ಹೋಗುವಾಗ ಅದನ್ನೇ ನಾಲ್ಕು ಜನಕ್ಕೆ ಹೇಳಿಕೊಂಡು ಹೋದಳು. ನಾನು ಸಭೆಗೆ ಬರಲಿಲ್ಲ. ಟ್ಯಾಂಕರಿನ ಹಿಂದೆ ನಿಂತು ಕೇಳಿದೆ.

ನೀನು ನಮ್ಮ ಮನೆಗೆ ಬಂದದ್ದು ನನಗೆ ಗೊತ್ತು. ಅಷ್ಟರಲ್ಲಿ ನಾನು ಹಿತ್ತಲಿನಿಂದ ಒಳಗೆ ಬಂದಿದ್ದೆ. ಅಗೆದ ಅಂಗಳದ ಮೇಲೆ ಹಾಸಿದ ಹಲಗೆಯನ್ನು, ಆ ಮಂಡಿ ನೋವು ಇಟ್ಟುಕೊಂಡು ನೀನು ಒಂದೊಂದೇ ಹೆಜ್ಜೆ ಊರಿ ದಾಟಿದೆ. ಬಿದ್ದೀಯ ಎಂದು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ನೀನು ಬಾಗಿಲ ಮುಂದೆ ಬಂದು ತಟ್ಟಲು ಕೈ ಎತ್ತಿದೆ. ಕಿಟಕಿಯ ಸಂದಿಯಿಂದ ಕಾಣುತ್ತಿತ್ತು. ಎತ್ತಿದ ಕೈಯನ್ನು ಹಾಗೇ ಇಳಿಸಿ, ಬಂದ ದಾರಿಯಲ್ಲೇ ಹೊರಟುಹೋದೆ.

ನೀನು ತಟ್ಟಿದರೆ ತೆಗೆಯಬಾರದು ಎಂದೇ ನಿಂತಿದ್ದೆ. ಆದರೂ ಒಲೆಯ ಮೇಲೆ ಚಹಾಕ್ಕೆ ಎರಡು ಲೋಟ ನೀರಿಟ್ಟಿದ್ದೆ. ಯಾಕೆ ಎಂದು ಕೇಳಬೇಡ. ನೀನು ಹೋದ ಮೇಲೆ ಬಂದ ಸಿಟ್ಟಿದೆಯಲ್ಲ, ಅಂಥ ಸಿಟ್ಟು ನಿನ್ನ ಮಾರ್ಚ್ ತಿಂಗಳ ಕಾಗದ ಓದಿದಾಗಲೂ ಬಂದಿರಲಿಲ್ಲ. ಬಸ್ಸು ಹೊರಟ ಶಬ್ದ ಕೇಳಿದ ಮೇಲೆ ಬಾಗಿಲು ತೆರೆದು ಬಹಳ ಹೊತ್ತು ಅಲ್ಲೇ ಕೂತಿದ್ದೆ.

ನನ್ನ ಮನಸ್ಸು ತಿಳಿಯಾಗಿಲ್ಲ. ಆಗುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ.

ಮುಂದಿನ ತಿಂಗಳು ವರದಿ ಓದಲು ಬಂದಾಗ ಬಾಗಿಲು ತಟ್ಟು. ತೆರೆಯುತ್ತೇನೆ ಎಂದು ಮಾತು ಕೊಡುವುದಿಲ್ಲ. ಆದರೆ ತಟ್ಟದೆ ಹೋಗಬೇಡ.

ಗಂಟೆ